ಬೋರ್ ಮಾಡಿಸಿದ ಎಂಜಿನ್ನಿನ ಹದ

‘ಹದ’ ಎಂಬುದು ಕನ್ನಡದ ಸೊಗಸಾದ ಮಾತುಗಳಲ್ಲಿ ಒಂದು. ಬೆಲ್ಲದ ಪಾಕಕ್ಕೆ ಹದವುಂಟು, ಬಿತ್ತುವ ನೆಲಕ್ಕೆ ಹದವುಂಟು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೂ ಉಂಟು. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಸಿಲಿಂಡರು ಸವೆದಾಗ ಅದನ್ನು ಕೊರೆಸಿ ತುಸು ದೊಡ್ಡ ಪಿಸ್ಟನ್ ಹಾಕಿಸುತ್ತಾರೆ. ಗ್ಯಾರೇಜಿನವರು ಇದನ್ನು ‘ಬೋರ್ ಮಾಡಿಸುವುದು’ ಎನ್ನುತ್ತಾರೆ. ಉಪನ್ಯಾಸ ಕೇಳುವವರಿಗೆ ಆಗುವ ಬೋರ್ ಬೇರೆ. ಎಂಜಿನ್ ದೊಡ್ಡದಾಯಿತಲ್ಲ, ಇಂಧನವನ್ನು ಎಷ್ಟು ಹೆಚ್ಚಿಸಬೇಕು ಎಂಬ ಪ್ರಶ್ನೆ ಆಮೇಲೆ ಏಳುತ್ತದೆ.

ಮೊದಲು ಲೆಕ್ಕ ನೋಡೋಣ. ಹಳೆಯ 250ರ ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75. ಪೂರಾ ಒಂದು ಮಿಲಿಮೀಟರ್ ಕೊರೆಸಿದರೂ 249 ಸಿ.ಸಿ. ಎಂಜಿನ್ ಸುಮಾರು 257 ಆಗುತ್ತದೆ. ಶೇಕಡ 3ರಷ್ಟು ಹೆಚ್ಚಳ. ಕಾರ್ಬ್ಯುರೇಟರ್ ಎಂಬುದು ಪಾವು, ಸೇರುಗಳಂತೆ ಇಷ್ಟೇ ಎಂದು ಅಳೆದು ಸುರಿಯುವ ಸಾಧನವಲ್ಲ. ಗಾಳಿ ಹೆಚ್ಚಿನ ವೇಗದಿಂದ ನುಗ್ಗಿದರೆ ಪೆಟ್ರೋಲನ್ನೂ ಹೆಚ್ಚಾಗಿಯೇ ಸೆಳೆಯುತ್ತದೆ. ಆದ್ದರಿಂದ ಇಷ್ಟು ಸಣ್ಣ ಬದಲಾವಣೆಗೆ ದೊಡ್ಡ ಜೆಟ್ ಹಾಕುವ ಅಗತ್ಯ ಸಾಮಾನ್ಯವಾಗಿ ಬೀಳದು. ನಿಜ ಹೇಳಬೇಕೆಂದರೆ, ಘಟ್ಟ ಇಳಿಯುವುದೇ ಇದಕ್ಕಿಂತ ದೊಡ್ಡ ಬದಲಾವಣೆ. ಮೈಸೂರಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡ 7ರಷ್ಟು ತೆಳು. ಅಲ್ಲಿ ಸರಿಹೋದ ಹದ ಕಡಲ ತೀರದಲ್ಲಿ ಸ್ವಲ್ಪ ಬಡವಾಗುತ್ತದೆ, ಅಂದರೆ ಪೆಟ್ರೋಲು ಕೊರೆಯಾಗುತ್ತದೆ.

ಬಡಮಿಶ್ರಣಕ್ಕೆ ಏಕೆ ಅಂಜಬೇಕು? ಇದು ಟೂ ಸ್ಟ್ರೋಕ್ ಎಂಜಿನ್; ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲು ಕಡಿಮೆಯಾದರೆ ಕಾವು ಏರುತ್ತದೆ, ಜಿಡ್ಡೂ ಇಳಿಯುತ್ತದೆ. ಹೊಸ ಪಿಸ್ಟನ್ ಬಿಗಿಯಾಗಿರುವಾಗ ಈ ಎರಡೂ ಒಟ್ಟಿಗೆ ಬಂದರೆ ಅದು ಸಿಲಿಂಡರಿನೊಳಗೆ ಕಚ್ಚಿಕೊಂಡು ಹಿಂದಿನ ಚಕ್ರವೇ ಸ್ತಂಭಿಸಬಹುದು. ಸವಾರ ಉಳಿದರೂ ಸಿಲಿಂಡರು ಗೀರುಬೀಳುತ್ತದೆ. ಕೊರೆಸಲು ಲೋಹ ಎಷ್ಟೆಂದು ಇದ್ದೀತು? ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಆಮೇಲೆ ಹೊಸ ಸ್ಲೀವ್ ಹಾಕಿಸಬೇಕು. ಕಾರ್ಖಾನೆ ಮುಚ್ಚಿದ ಗಾಡಿಗೆ ಇದು ಸಣ್ಣ ನಷ್ಟವಲ್ಲ.

ಇಲ್ಲೊಂದು ವಿಚಿತ್ರವುಂಟು. ಹೊಸದರಲ್ಲಿ ಎಣ್ಣೆ ಹೆಚ್ಚಿಗೆ ಬೆರೆಸಿದರೆ ಕ್ಷೇಮ ಎಂದು ಕೆಲವರು ಧಾರಾಳವಾಗಿ ಸುರಿಯುತ್ತಾರೆ. ಅದೇ ಜೆಟ್ಟಿನ ಕಿರುದಾರಿಯಲ್ಲಿ ಎಣ್ಣೆ ಹೆಚ್ಚು ಹರಿದಷ್ಟೂ ಪೆಟ್ರೋಲಿಗೆ ಜಾಗ ಕಡಿಮೆ! ತುಸು ಹೆಚ್ಚಿದ್ದರೆ ಚಿಂತೆಯಿಲ್ಲ, ಅತಿಯಾಗಬಾರದು.

ಹೊಂದಿಸುವ ಕ್ರಮ ಸರಳ. ಕಾರ್ಬ್ಯುರೇಟರ್ ಕೂಡುವಲ್ಲಿ ಗಾಳಿ ಸೋರುತ್ತಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಸೋರಿಕೆಯಿದ್ದರೆ ಯಾವ ತಿರುಪೂ ಕೆಲಸಕ್ಕೆ ಬಾರದು. ನಿಧಾನದ ಓಟವನ್ನು ಗಾಳಿಯ ತಿರುಪು ಆಳುತ್ತದೆ, ನಡುವಿನ ಓಟವನ್ನು ಸೂಜಿ, ಪೂರ್ಣ ವೇಗವನ್ನು ಮುಖ್ಯ ಜೆಟ್. ಪಳಗಿಸುವ ದಿನಗಳಲ್ಲಿ ನಾವು ಓಡುವುದು ಬಹುಪಾಲು ನಡುವಿನಲ್ಲೇ. ಆದುದರಿಂದ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಹಾಕಬೇಕು. ಸೂಜಿ ಮೇಲೇರಿ ಪೆಟ್ರೋಲಿಗೆ ದಾರಿ ಅಗಲವಾಗುತ್ತದೆ.

ಸಾಕ್ಷಿ ಹೇಳುವುದು ಪ್ಲಗ್. ಕಾಫಿ ಪುಡಿಯ ಬಣ್ಣವಿದ್ದರೆ ಹದ ಸರಿ. ಕಾಡಿಗೆಯಂತಿದ್ದರೆ ಪೆಟ್ರೋಲು ಹೆಚ್ಚು. ಬೂದಿಯಂತೆ ಬಿಳಿಚಿದ್ದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ. ಆದರೆ ಒಂದೇ ವೇಗದಲ್ಲಿ ಕೊಂಚ ದೂರ ಓಡಿಸಿ, ಕ್ಲಚ್ ಹಿಡಿದು, ಎಂಜಿನ್ ಆರಿಸಿ, ಅಲ್ಲಿಯೇ ಪ್ಲಗ್ ಬಿಚ್ಚಬೇಕು. ಮೆಲ್ಲಗೆ ಮನೆಗೆ ಬಂದು ನೋಡಿದರೆ ಕಾಣುವುದು ಕೊನೆಯ ಫರ್ಲಾಂಗಿನ ಬಣ್ಣ ಮಾತ್ರ. ಪಿಸ್ಟನ್ ಪಳಗಿದ ಮೇಲೆ ಕ್ಲಿಪ್ಪನ್ನು ಹಳೆಯ ಗೀರಿಗೆ ತಂದು, ಇನ್ನೊಮ್ಮೆ ಇದೇ ರೀತಿ ನೋಡಬೇಕು.