ಗಣಿಯ ಪರಿಶೀಲನೆ: ಹತ್ತು ಕಿಲೋಮೀಟರಿನ ಆಚೆ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಅಣೆಕಟ್ಟನ್ನು ನೀವು ನೋಡಿರಬಹುದು. ಬೇಸಿಗೆಯಲ್ಲಿ ತಿಳಿಯಾಗಿ ಹರಿಯುವ ಭದ್ರೆ ಜುಲೈ ತಿಂಗಳಲ್ಲಿ ಕೆಂಪು ಬೆರೆತ ಕಂದು ಬಣ್ಣಕ್ಕೆ ತಿರುಗಿ ಜಲಾಶಯವನ್ನು ಸೇರುತ್ತಾಳೆ. ಆ ಬಣ್ಣವೆಂದರೆ ನೀರಿನಲ್ಲಿ ತೇಲಿ ಬರುವ ಮಣ್ಣಿನ ಕಣಗಳು. ನೀರು ನಿಂತಲ್ಲಿ ಅವು ತಳಕ್ಕಿಳಿಯುತ್ತವೆ. ಅದೇ ಹೂಳು. ಹೂಳು ಹೆಚ್ಚಿದಷ್ಟೂ ಜಲಾಶಯ ಹಿಡಿಯುವ ನೀರು ಕಡಿಮೆಯಾಗುತ್ತದೆ. ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಭತ್ತದ ಗದ್ದೆ, ಅಡಿಕೆ ತೋಟಗಳು ನಂಬಿಕೊಂಡಿರುವುದು ಈ ನೀರನ್ನೇ.

ಚಿಕ್ಕಮಗಳೂರು ಜಿಲ್ಲೆಯ ಈ ಬೆಟ್ಟಗಳಿಗೂ ಗಣಿಗಾರಿಕೆಗೂ ಹಳೆಯ ನಂಟು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಹೆಸರೇ ಕೆಂಪು ಮಣ್ಣಿನ ಗುಂಡಿ ಎನ್ನುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಲ್ಲಿಂದ ಅದಿರು ಹೋಗುತ್ತಿತ್ತು. ಇಲ್ಲಿ ಕಬ್ಬಿಣವಿದೆ, ಕಲ್ಲಿದ್ದಲಿಲ್ಲ. ಬಾಬಾಬುಡನ್ ಗಿರಿಯ ಶಿಲೆಗಳು 250 ಕೋಟಿ ವರ್ಷಗಳಿಗಿಂತ ಹಳೆಯವು. ಕಲ್ಲಿದ್ದಲಾಗಲು ಬೇಕಾದ ಕಾಡುಗಳು ಆಗ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ.

ಭದ್ರೆಯ ಮಟ್ಟಿಗೆ ದೊಡ್ಡ ಗಣಿ ಎಂದರೆ ಕುದುರೆಮುಖದ್ದು. ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಗಣಿ ಶುರು ಮಾಡುವ ಮೊದಲು ಪರಿಸರದ ಮೇಲಿನ ಪರಿಣಾಮವನ್ನು ಅಳೆದು ವರದಿ ಕೊಡಬೇಕೆಂಬ ಕಾನೂನು ಆಗ ಇರಲಿಲ್ಲ. ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದರ ಅಡಿಯಲ್ಲಿ ಪರಿಣಾಮದ ಅಂದಾಜನ್ನು ಕಡ್ಡಾಯ ಮಾಡಿದ ಅಧಿಸೂಚನೆ 1994ರಲ್ಲಿ. ಗಣಿ ಗುತ್ತಿಗೆಯ ಅವಧಿ 1999ರಲ್ಲಿ ಮುಗಿಯಿತು. ನವೀಕರಣದ ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಭದ್ರೆಗೆ ಸೇರುವ ಹೂಳೂ ಅಲ್ಲಿ ಚರ್ಚೆಗೆ ಬಂತು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿ ಪ್ರದೇಶವು ಜಲಾನಯನದ ಅತಿ ಚಿಕ್ಕ ಭಾಗವಾಗಿದ್ದರೂ ನದಿಯ ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದೆಂದು ವಿಜ್ಞಾನಿಗಳ ಅಳತೆಗಳು ತೋರಿಸಿದ್ದವು.

ಹಾಗಾದರೆ ಇಂದು ಯಾರಾದರೂ ಹೊಸ ಗಣಿಯ ಪ್ರಸ್ತಾವ ತಂದರೆ, ಕಲ್ಲಿದ್ದಲಾಗಲಿ ಕಬ್ಬಿಣವಾಗಲಿ, ಏನಾಗುತ್ತದೆ? 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಇದಕ್ಕೆ ದಾರಿ ಹಾಕಿಕೊಟ್ಟಿದೆ. ಮೊದಲು ಯೋಜನೆ ಯಾವ ವರ್ಗಕ್ಕೆ ಸೇರಿದ್ದು, ಪರಿಶೀಲಿಸುವುದು ಕೇಂದ್ರವೋ ರಾಜ್ಯವೋ ಎಂದು ತೀರ್ಮಾನವಾಗುತ್ತದೆ. ಬಳಿಕ ತಜ್ಞರ ಸಮಿತಿ ಏನೇನನ್ನು ಅಧ್ಯಯನ ಮಾಡಬೇಕೆಂದು ಗೊತ್ತುಪಡಿಸುತ್ತದೆ. ಕರಡು ವರದಿ ಸಿದ್ಧವಾದ ಮೇಲೆ ಸಾರ್ವಜನಿಕ ಅಹವಾಲು ಸಭೆ. ಕೊನೆಗೆ ಸಮಿತಿ ಎಲ್ಲವನ್ನೂ ತೂಗಿ ನೋಡಿ ಶಿಫಾರಸು ಮಾಡುತ್ತದೆ. ಇವುಗಳಲ್ಲಿ ಎರಡನೆಯ ಹಂತವೇ ಮುಖ್ಯ ಎಂದು ನನ್ನ ಅಭಿಪ್ರಾಯ. ಅಲ್ಲಿ ಕೇಳದ ಪ್ರಶ್ನೆಗೆ ವರದಿಯಲ್ಲಿ ಉತ್ತರ ಸಿಗುವುದು ಅಪರೂಪ.

ಗಣಿಗಳ ಅಧ್ಯಯನಕ್ಕೆ ಇರುವ ಮಾದರಿ ನಿಬಂಧನೆಗಳಲ್ಲಿ ಎರಡು ಅಂಶಗಳನ್ನು ಗಮನಿಸಿ. ಒಂದು, ಗಣಿಯ ಅಂಚಿನಿಂದ 10 ಕಿ.ಮೀ. ವರೆಗಿನ ಪ್ರದೇಶವನ್ನು ಅಧ್ಯಯನ ಮಾಡಬೇಕು. ಇನ್ನೊಂದು, ಗಾಳಿ, ನೀರು, ಮಣ್ಣು, ಜೀವಿಗಳ ಈಗಿನ ಸ್ಥಿತಿಯನ್ನು ಮಳೆಗಾಲವಲ್ಲದ ಒಂದು ಋತುವಿನಲ್ಲಿ ದಾಖಲಿಸಬೇಕು. ಬಯಲು ಸೀಮೆಯ ಗಣಿಯ ದೂಳನ್ನು ಅಳೆಯಲು ಇದು ಸರಿ. ಒಣ ಕಾಲದಲ್ಲೇ ದೂಳು ಹೆಚ್ಚು. ಮಲೆನಾಡಿನಲ್ಲಿ?

ಲೆಕ್ಕ ಮಾಡಿ ನೋಡೋಣ. ನದಿ ಒಂದು ಸೆಕೆಂಡಿಗೆ ಹೊರುವ ಹೂಳು ತಿಳಿಯಲು ನೀರಿನ ಹರಿವನ್ನು ಹೂಳಿನ ಸಾಂದ್ರತೆಯಿಂದ ಗುಣಿಸಬೇಕು. ಬೇಸಿಗೆಯ ಒಂದು ದಿನ ಹರಿವು ಸೆಕೆಂಡಿಗೆ 5 ಘನ ಮೀಟರ್, ಲೀಟರಿಗೆ 10 ಮಿಲಿಗ್ರಾಂ ಹೂಳು ಎಂದುಕೊಳ್ಳಿ. ಗುಣಿಸಿದರೆ ಸೆಕೆಂಡಿಗೆ 50 ಗ್ರಾಂ. ಜಡಿಮಳೆಯ ದಿನ ಹರಿವು 500 ಘನ ಮೀಟರ್, ಹೂಳು ಲೀಟರಿಗೆ 1000 ಮಿಲಿಗ್ರಾಂ ಆಯಿತೆನ್ನಿ. ಆಗ ಸೆಕೆಂಡಿಗೆ 500 ಕಿಲೋಗ್ರಾಂ! ಮೊದಲಿನದರ ಹತ್ತು ಸಾವಿರ ಪಟ್ಟು. ಪ್ರವಾಹದ ಒಂದು ಗಂಟೆ ಬೇಸಿಗೆಯ ಸುಮಾರು 417 ದಿನಗಳಿಗೆ ಸಮ. ಇವು ಲೆಕ್ಕಕ್ಕಾಗಿ ಊಹಿಸಿಕೊಂಡ ಅಂಕಿಗಳು. ಆದರೆ ಹರಿವು, ಸಾಂದ್ರತೆ ಎರಡೂ ಒಟ್ಟಿಗೆ ಏರುವುದು ನದಿಗಳ ಸ್ವಭಾವ. ವರ್ಷಕ್ಕೆ 6000 ಮಿ.ಮೀ. ಮೀರಿ ಮಳೆ ಬೀಳುವ ಕುದುರೆಮುಖದಂತಹ ಕಡೆ ಡಿಸೆಂಬರಿನಲ್ಲಿ ತೆಗೆದ ನೀರಿನ ಮಾದರಿ ಶುದ್ಧವಾಗಿಯೇ ಇರುತ್ತದೆ. ಅದು ಸುಳ್ಳಲ್ಲ, ಆದರೆ ಕೇಳಬೇಕಾದ ಪ್ರಶ್ನೆಗೆ ಉತ್ತರವೂ ಅಲ್ಲ.

ಇನ್ನು ದೂರ. 10 ಕಿ.ಮೀ. ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 314 ಚದರ ಕಿ.ಮೀ. ಭದ್ರಾ ಜಲಾಶಯದ ಜಲಾನಯನ ಪ್ರದೇಶ ಸುಮಾರು 1968 ಚದರ ಕಿ.ಮೀ. ಕುದುರೆಮುಖ ಘಟ್ಟದ ಅಂಚಿಗೆ ಹತ್ತಿರವಿರುವುದರಿಂದ ವೃತ್ತದ ಒಂದು ಪಾಲು ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ಕಡೆಗೆ ನೀರು ಹರಿಸುವ ಇಳಿಜಾರಿನ ಮೇಲೆ ಬೀಳುತ್ತದೆ. ನದಿಯೋ ಕಳಸ, ಬಾಳೆಹೊನ್ನೂರುಗಳನ್ನು ಹಾದು ಲಕ್ಕವಳ್ಳಿಗೆ ಬರುತ್ತದೆ. ನೇರ ಗೆರೆ ಎಳೆದರೂ 60 ಕಿ.ಮೀ. ಮೀರುತ್ತದೆ. ಹೂಳು ಕೊನೆಗೆ ತಂಗುವ ಜಾಗವೇ ಅಧ್ಯಯನದ ನಕ್ಷೆಯಿಂದ ಹೊರಗೆ! ಗಾಳಿ ಸುತ್ತಲೂ ಹರಡುತ್ತದೆ, ಅದಕ್ಕೆ ವೃತ್ತ ಹೊಂದುತ್ತದೆ. ನೀರು ಕಣಿವೆ ಹಿಡಿದು ಇಳಿಯುತ್ತದೆ.

ಇದನ್ನು ಸರಿಪಡಿಸುವ ಅವಕಾಶ ನಿಯಮದಲ್ಲೇ ಇದೆ. ಮಳೆಗಾಲದ ಅಳತೆ ಬೇಕು, ಇಡೀ ಜಲಾನಯನವನ್ನು ನೋಡಬೇಕು ಎಂದು ತಜ್ಞರ ಸಮಿತಿ ಹೆಚ್ಚುವರಿಯಾಗಿ ಕೇಳಬಹುದು. ನೀವೂ ಕೇಳಬಹುದು. ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿಗಳಲ್ಲಿ ನೋಡಲು ಸಿಗಬೇಕು, ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ವರದಿ ಕೈಗೆ ಬಂದರೆ ಮೊದಲು ನೀರಿನ ಮಾದರಿ ತೆಗೆದ ತಿಂಗಳನ್ನು ಹುಡುಕಿ. ನಂತರ ನಕ್ಷೆಯನ್ನು ಬಿಡಿಸಿ, ಹೊಳೆ ವೃತ್ತವನ್ನು ದಾಟಿ ಎಲ್ಲಿಗೆ ಹೋಗುತ್ತದೆಂದು ನೋಡಿ.

ಈ ಅಳತೆಯನ್ನು ಶಾಲೆಯಲ್ಲೇ ಮಾಡಬಹುದು. ಒಂದು ಲೀಟರ್ ಹೊಳೆ ನೀರನ್ನು ಮೊದಲೇ ತೂಗಿಟ್ಟ ಸೋಸು ಕಾಗದದಲ್ಲಿ ಸೋಸಿ, ಕಾಗದವನ್ನು ಚೆನ್ನಾಗಿ ಒಣಗಿಸಿ ಮತ್ತೆ ತೂಗಿ. ವ್ಯತ್ಯಾಸವೇ ಹೂಳು. ಸೂಕ್ಷ್ಮ ತಕ್ಕಡಿ ಬೇಕು; ಇಲ್ಲದಿದ್ದರೆ ಹತ್ತಿರದ ಕಾಲೇಜಿನ ಪ್ರಯೋಗಶಾಲೆಯನ್ನು ಕೇಳಿ. ಮೇ ತಿಂಗಳಲ್ಲಿ ಒಮ್ಮೆ, ಜುಲೈನಲ್ಲಿ ಒಂದೇ ವಾರದೊಳಗೆ ಮೂರು ನಾಲ್ಕು ಬಾರಿ ತೆಗೆಯಿರಿ. ಮಳೆಗಾಲದಲ್ಲಿ ಮಕ್ಕಳನ್ನು ಹೊಳೆಗೆ ಇಳಿಸಬೇಡಿ. ಸೇತುವೆಯ ಮೇಲಿನಿಂದ ಹಗ್ಗ ಕಟ್ಟಿದ ಬಕೆಟ್ಟನ್ನು ಶಿಕ್ಷಕರೇ ಇಳಿಸಲಿ.