ಕುಡಿತ ಅಪ್ಪನದು, ನಿದ್ದೆಗೇಡು ಅಮ್ಮನದು

ರಾತ್ರಿ ಗೇಟಿನ ಸದ್ದು ಕೇಳಿಯೇ ಅಪ್ಪ ಇವತ್ತು ಎಷ್ಟು ಕುಡಿದಿದ್ದಾರೆಂದು ಅಮ್ಮ ಹೇಳಬಲ್ಲಳು. ಸಾಲಗಾರರಿಗೂ ನೆಂಟರಿಗೂ ಹದಿನೈದು ವರ್ಷದಿಂದ ಅವಳದ್ದು ಒಂದೇ ಉತ್ತರ: ‘ಅವರಿಗೆ ಹುಷಾರಿಲ್ಲ’. ಮದುವೆ, ನಾಮಕರಣಗಳಿಗೆ ಹೋಗುವುದನ್ನೂ ಬಿಟ್ಟಳು. ‘ನೀನು ಸರಿಯಿದ್ದಿದ್ದರೆ ಅವನು ಕುಡೀತಿರಲಿಲ್ಲ’ ಎಂಬ ಅಜ್ಜಿಯ ಮಾತನ್ನು ನಂಬಿಯೂಬಿಟ್ಟಿದ್ದಳು.

ಬಿ.ಇ. ಐದನೇ ಸೆಮಿಸ್ಟರ್‌ನಲ್ಲಿರುವ ನಾನು ಕಳೆದ ತಿಂಗಳು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಫೋನ್ ಅವಳ ಕೈಗಿಟ್ಟೆ. ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು. ಕುಡಿತದ ಚಟ ಒಂದು ಕಾಯಿಲೆ, ಅದಕ್ಕೆ ಹೆಂಡತಿ ಕಾರಣಳಲ್ಲ ಎಂದು ಕೇಳಿ ಅಮ್ಮ ತುಂಬಾ ಹೊತ್ತು ಅತ್ತಳು. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಮೆರಿಕದಲ್ಲಿ ಶುರುವಾದ ಅಲ್-ಅನಾನ್ ಹೇಳುವುದೂ ಇದನ್ನೇ.

ಅಪ್ಪ ಇನ್ನೂ ಕುಡಿತ ಬಿಟ್ಟಿಲ್ಲ. ಆದರೆ ಅಮ್ಮ ಅವರ ಪರವಾಗಿ ಸುಳ್ಳು ಹೇಳುವುದನ್ನು ಬಿಟ್ಟಿದ್ದಾಳೆ. ನಿಮ್ಮ ಮನೆಯಲ್ಲೂ ಇದೇ ಕಥೆಯಿದ್ದರೆ, ‘ಅಮ್ಮಾ, ನೀನು ಹೇಗಿದ್ದೀಯ?’ ಎಂದು ಮೊದಲು ಕೇಳಿ.