ಬೋಳುತಲೆ ಮತ್ತು ಹಾಸ್ಯರಸ

ಹಾಸ್ಯರಸದ ವಿಭಾವಗಳಲ್ಲಿ ವಿಕೃತವೇಷದೊಡನೆ ವ್ಯಂಗದರ್ಶನವನ್ನೂ, ಎಂದರೆ ಅಂಗದ ಊನವನ್ನು ಕಾಣುವುದನ್ನೂ, ನಾಟ್ಯಶಾಸ್ತ್ರವು ಎಣಿಸಿದೆ. ಚಲನಚಿತ್ರಗಳಲ್ಲಿ ಬೋಳುತಲೆ ನಗೆಯ ಸರಕಾಗಿರುವುದು ಈ ಜಾಡಿನಲ್ಲಿಯೇ. ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ (2017) ಆ ನಗೆಯನ್ನು ಪರೀಕ್ಷೆಗೊಡ್ಡುತ್ತದೆ. ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನನಿಗೆ ತಲೆಗೂದಲಿಲ್ಲದ ಕಾರಣ ಕನ್ಯೆ ದೊರೆಯದು. ಹೀಗೆ ನೊಂದವನು ತಾನೂ ಹೆಣ್ಣಿನಲ್ಲಿ ರೂಪವನ್ನೇ ಅರಸುತ್ತಾನೆ. ಈ ಅಸಂಗತಿಯೇ ಚಿತ್ರದ ನಿಜವಾದ ವಿಭಾವ. ಮೊದಲು ತಲೆಯನ್ನು ಕಂಡು ನಕ್ಕ ಪ್ರೇಕ್ಷಕನಿಗೂ ತನ್ನ ಕೈಯಲ್ಲಿರುವುದು ಅದೇ ಅಳತೆಗೋಲೆಂಬುದು ಆಗ ತಿಳಿಯುತ್ತದೆ.

ಈ ಚಿತ್ರವೇ 2019ರಲ್ಲಿ ಮಲಯಾಳದ ‘ತಮಾಶ’ವಾಯಿತು; ಅಲ್ಲಿಯ ನಾಯಕ ಮಲಯಾಳ ಅಧ್ಯಾಪಕ. ಎರಡು ನುಡಿಗಳ ನಡುವೆ ಬೆಳೆಯುವ ಬಂದ್ಯೋಡಿನ ವಿದ್ಯಾರ್ಥಿಗಳು ಎರಡನ್ನೂ ನೋಡಿ, ನಗೆ ಎಲ್ಲಿ ನಿಲ್ಲುತ್ತದೆಂಬುದನ್ನು ಗುರುತಿಸಬಹುದು.